ಒಂದೂವರೆ ಮೀಟರ್ ಹಲಗೆ, ಎರಡು ಪಾಯಿಂಟ್, ಎಂಟು ವ್ಯಾಗನ್

ಮಾಡೆಲ್ ರೈಲು ಎಂದೊಡನೆ ಕೋಣೆ ತುಂಬ ಹಳಿ, ಸುರಂಗ, ಸೇತುವೆ, ಅದರ ಮೇಲೆ ಗಿರಕಿ ಹೊಡೆಯುವ ಎಂಜಿನ್ ಕಣ್ಣ ಮುಂದೆ ಬರುತ್ತವೆ. ಗಿರಕಿ ಹೊಡೆಯುವ ರೈಲನ್ನು ಹತ್ತು ನಿಮಿಷ ನೋಡಬಹುದು. ಆಮೇಲೆ ಕೈಗೂ ಕೆಲಸವಿಲ್ಲ, ತಲೆಗೂ ಕೆಲಸವಿಲ್ಲ. ಜಾಗದ ಕೊರತೆ, ಬೇಸರ ಎಂಬ ಎರಡೂ ದೂರುಗಳಿಗೆ ನಾನು ಕಂಡುಕೊಂಡ ಉತ್ತರ ಶಂಟಿಂಗ್ ಹಲಗೆ, ಅಂದರೆ ವ್ಯಾಗನ್‌ಗಳನ್ನು ಬಿಡಿಸಿ ಕೂಡಿಸಿ ಬೇಕಾದ ಕ್ರಮಕ್ಕೆ ತರುವ ಪುಟ್ಟ ಹಲಗೆ. ಈ ಹವ್ಯಾಸಕ್ಕೆ ಭವಿಷ್ಯವಿದ್ದರೆ ಅದು ಇಂಥ ಹಲಗೆಗಳಲ್ಲೇ ಇದೆ ಎಂಬುದು ನನ್ನ ಎಣಿಕೆ.

ಬ್ರಿಟನ್ನಿನ ಅಲನ್ ರೈಟ್ ರೂಪಿಸಿದ ‘ಇಂಗ್ಲ್‌ನುಕ್ ಸೈಡಿಂಗ್ಸ್’ ಇದಕ್ಕೆ ಹೇಳಿ ಮಾಡಿಸಿದ ನಕ್ಷೆ. ಮೂರು ಸೈಡಿಂಗ್‌ಗಳು (ತುದಿ ಮುಚ್ಚಿದ ಕವಲು ಹಳಿಗಳು): ಒಂದರಲ್ಲಿ 5 ವ್ಯಾಗನ್, ಉಳಿದೆರಡರಲ್ಲಿ ತಲಾ 3 ಹಿಡಿಯಬೇಕು. ಎಂಜಿನ್ ಹಿಂದೆ ಮುಂದೆ ಆಡುವ ಶಂಟಿಂಗ್ ನೆಕ್‌ನಲ್ಲಿ ಎಂಜಿನ್ ಜೊತೆ 3 ವ್ಯಾಗನ್ ಹಿಡಿಯಬೇಕು, ನಾಲ್ಕನೆಯದು ಹಿಡಿಯಬಾರದು. ಎಂಟು ವ್ಯಾಗನ್‌ಗಳಿಗೆ ಎಂಟು ಚೀಟಿ. ಕಲಸಿ ಐದನ್ನು ಎತ್ತಿ, ಎತ್ತಿದ ಕ್ರಮದಲ್ಲೇ ಐದು ವ್ಯಾಗನ್‌ಗಳನ್ನು ಉದ್ದದ ಸೈಡಿಂಗ್‌ನಲ್ಲಿ ಜೋಡಿಸಬೇಕು. 8×7×6×5×4, ಅಂದರೆ 6,720 ಬಗೆಯ ರೈಲು. ಯಾವ ಕ್ರಮ ಬಂದರೂ ಬಿಡಿಸಬಹುದು, ಆದರೆ ಎಷ್ಟು ಓಡಾಟದಲ್ಲಿ ಎಂಬುದೇ ಆಟ. ಇನ್ನೂ ಚಿಕ್ಕದು ಬೇಕೆಂದರೆ 3-2-2 ನಕ್ಷೆ ಇದೆ. ಅದರಲ್ಲಿ ಐದು ವ್ಯಾಗನ್, ಮೂರರ ರೈಲು, ಬರೀ 60 ಕ್ರಮ. ಬೇಗ ಬಾಯಿಪಾಠವಾಗುತ್ತದೆ, ನಾನು ಅದನ್ನು ಶಿಫಾರಸು ಮಾಡುವುದಿಲ್ಲ.

ಅಳತೆ ಹಳಿಯಿಂದ ಶುರುವಾಗುವುದಿಲ್ಲ, ವ್ಯಾಗನ್‌ನಿಂದ ಶುರುವಾಗುತ್ತದೆ. ಎಚ್‌ಒ ಸ್ಕೇಲ್‌ನಲ್ಲಿ, ಅಂದರೆ 1:87ರಲ್ಲಿ, ಹಳಿಗಳ ನಡುವಿನ ಅಂತರ 16.5 ಮಿ.ಮೀ. ನಾನು ಆರಿಸಿಕೊಂಡ ನಾಲ್ಕು ಚಕ್ರದ ವ್ಯಾಗನ್ ಕಪ್ಲರ್‌ನಿಂದ (ಗಾಡಿಗಳನ್ನು ಕೂಡಿಸುವ ಕೊಕ್ಕೆ) ಕಪ್ಲರ್‌ಗೆ 11 ಸೆಂ.ಮೀ., ಎಂಜಿನ್ 13 ಸೆಂ.ಮೀ. ಹಾಗಾದರೆ ನೆಕ್‌ಗೆ 46, ಉದ್ದದ ಸೈಡಿಂಗ್‌ಗೆ 55, ಗಿಡ್ಡವಕ್ಕೆ ತಲಾ 33 ಸೆಂ.ಮೀ. ಹಳಿ ಕವಲೊಡೆಯುವ ಜೋಡಣೆಯಾದ ಪಾಯಿಂಟ್, ಮಧ್ಯಮ ಅಳತೆಯದು, ಒಂದು ಸುಮಾರು 22 ಸೆಂ.ಮೀ. ನುಂಗುತ್ತದೆ. ಅದನ್ನು ದಾಟಿದ ಮೇಲೂ ಪಕ್ಕದ ಹಳಿಯ ವ್ಯಾಗನ್‌ಗೆ ತಾಗದಿರಲು 10 ಸೆಂ.ಮೀ. ಖಾಲಿ ಬಿಡಬೇಕು. ಇಲ್ಲೊಂದು ಚಿಕ್ಕ ಜಾಣತನವಿದೆ. ಉದ್ದದ ಸೈಡಿಂಗ್ ಮೊದಲ ಪಾಯಿಂಟ್‌ನಿಂದಲೇ ಕವಲೊಡೆದರೆ 46+22+10+55=133; ಗಿಡ್ಡವೆರಡು ಎರಡನೆಯ ಪಾಯಿಂಟ್‌ನಿಂದ ಒಡೆದರೆ 46+22+22+10+33=133. ಮೂರೂ ಒಂದೇ ಗೆರೆಯಲ್ಲಿ ಮುಗಿಯುತ್ತವೆ. ಉದ್ದದ್ದನ್ನು ಎರಡನೆಯ ಪಾಯಿಂಟ್‌ಗೆ ಹಾಕಿದರೆ ಹಲಗೆ 22 ಸೆಂ.ಮೀ. ಬೆಳೆಯುತ್ತದೆ. ಕೊನೆಯ ಬಫರ್, ಕಪ್ಲರ್ ಸಡಿಲಕ್ಕೆ ಸ್ವಲ್ಪ ಸೇರಿಸಿ 150×30 ಸೆಂ.ಮೀ. ಹಲಗೆ ಸಾಕು. ಒಂದೊಂದು ಹಳಿಗೆ ಸೇರಿಸುವ ಆ ಸಡಿಲ ಅರ್ಧ ವ್ಯಾಗನ್ ಮೀರಬಾರದು. ಧಾರಾಳ ತೋರಿಸಿದರೆ ಒಗಟು ಸಡಿಲಾಗುತ್ತದೆ. ವ್ಯಾಗನ್‌ಗಳ ಉದ್ದವೂ ಒಂದೇ ಇರಬೇಕು.

ಹಲಗೆಗೆ 9 ಮಿ.ಮೀ. ಪ್ಲೈವುಡ್. ಅದೇ ಪ್ಲೈಯಿಂದ 70 ಮಿ.ಮೀ. ಅಗಲದ ಪಟ್ಟಿ ಕತ್ತರಿಸಿ ಕೆಳಗೆ ಚೌಕಟ್ಟು, 40–50 ಸೆಂ.ಮೀ.ಗೊಂದು ಅಡ್ಡಪಟ್ಟಿ. ಮೇಲೆ, ಕೆಳಗೆ, ಅಂಚಿಗೆ, ಎಲ್ಲ ಕಡೆ ವಾರ್ನಿಷ್ ಬಳಿಯಬೇಕು. ಮೇಲ್ಮುಖಕ್ಕೆ ಮಾತ್ರ ಬಳಿದರೆ ತೇವ ಒಂದೇ ಕಡೆಯಿಂದ ಒಳಹೋಗಿ ಹಲಗೆ ಬಾಗುತ್ತದೆ. ಹಳಿ ಎಳೆದಾಡಿತು ಎಂದು ಜನ ಬಿಸಿಲನ್ನು ದೂರುತ್ತಾರೆ. ಒಂದು ಮೀಟರ್ ನಿಕ್ಕಲ್ ಸಿಲ್ವರ್ ಹಳಿ 20 ಡಿಗ್ರಿ ಏರಿಕೆಗೆ ಹಿಗ್ಗುವುದು ಅರ್ಧ ಮಿ.ಮೀ.ಗಿಂತ ಕಡಿಮೆ, ಹೆಚ್ಚು ಆಟ ಆಡಿಸುವುದು ಮರ. (ನಿಕ್ಕಲ್ ಸಿಲ್ವರ್‌ನಲ್ಲಿ ಬೆಳ್ಳಿ ಚೂರೂ ಇಲ್ಲ. ತಾಮ್ರ, ನಿಕ್ಕಲ್, ಸತು ಅಷ್ಟೇ.) ಹಲಗೆಯ ಮೇಲೆ 3 ಮಿ.ಮೀ. ಕಾರ್ಕ್ ಹಾಳೆ ಅಂಟಿಸಿ, ಅದರ ಮೇಲೆ ಹಳಿ. 914 ಮಿ.ಮೀ.ನ ಫ್ಲೆಕ್ಸ್ ಟ್ರ್ಯಾಕ್ ಮೂರು ತುಂಡು ತಂದರೆ ಕತ್ತರಿಸಿ ಉಳಿಯುತ್ತದೆ.

ಕೆಲಸ ಕೆಡುವುದು ಹೆಚ್ಚಾಗಿ ಪಾಯಿಂಟ್‌ನಲ್ಲಿ. ಎರಡು ಹಳಿ ಒಂದನ್ನೊಂದು ದಾಟುವ ಮೊನೆಗೆ ಫ್ರಾಗ್ ಎನ್ನುತ್ತಾರೆ. ಪ್ಲಾಸ್ಟಿಕ್ ಫ್ರಾಗ್‌ನ ಪಾಯಿಂಟ್ ಅಗ್ಗ, ವೈರಿಂಗ್ ಸುಲಭ. ಆದರೆ ಗಿಡ್ಡ ಶಂಟಿಂಗ್ ಎಂಜಿನ್ ನಿಧಾನಕ್ಕೆ ಅದರ ಮೇಲೆ ಬಂದಾಗ ಕರೆಂಟ್ ಸಿಗದೆ ನಿಂತುಬಿಡುತ್ತದೆ. ಹಾಗಾಗಿ ಲೋಹದ ಫ್ರಾಗ್‌ನದೇ ಬೇಕು. ಫ್ರಾಗ್‌ನಿಂದ ಹೊರಡುವ ಎರಡು ಒಳಹಳಿಗಳಿಗೆ ಹಳಿ ತುಂಡುಗಳನ್ನು ಕೂಡಿಸುವ ಜಾಯಿನರ್ ಪ್ಲಾಸ್ಟಿಕ್‌ನದು ಹಾಕಿ ಬೇರ್ಪಡಿಸಬೇಕು. ಪಾಯಿಂಟ್ ಸರಿಸಲು ಮೋಟಾರ್ ಬೇಡ, ಹಲಗೆಯ ಕೆಳಗೆ ಒಂದು ಸ್ಲೈಡ್ ಸ್ವಿಚ್ ಸಾಕು. ಸ್ವಿಚ್‌ನ ಗುಂಡಿಗೂ ಪಾಯಿಂಟ್‌ನ ಸರಿಯುವ ಹಳಿಗಳನ್ನು ಸೇರಿಸುವ ಅಡ್ಡಪಟ್ಟಿಗೂ 0.8 ಮಿ.ಮೀ. ಪಿಯಾನೊ ತಂತಿ ಕಟ್ಟಿದರೆ ಹಳಿಯೂ ಸರಿಯುತ್ತದೆ, ಫ್ರಾಗ್‌ನ ಧ್ರುವವೂ ಬದಲಾಗುತ್ತದೆ. ಸ್ವಿಚ್‌ನ ಓಟ ಪಾಯಿಂಟ್‌ನ ಓಟಕ್ಕಿಂತ ಹೆಚ್ಚಿರುವುದರಿಂದ ತಂತಿಯ ನಡುವೆ ಕುದುರೆ ಲಾಳದಂತೆ ಒಂದು ಬಾಗು ಕೊಡಬೇಕು. ಇಲ್ಲದಿದ್ದರೆ ಅಡ್ಡಪಟ್ಟಿ ಕಿತ್ತುಬರುತ್ತದೆ. ಫ್ರಾಗ್‌ನ ವೈರ್ ಸ್ವಿಚ್‌ನ ನಡುವಿನ ಕಾಲಿಗೆ, ಹಳಿಯ ಎರಡು ವೈರ್ ಅಕ್ಕಪಕ್ಕದ ಕಾಲುಗಳಿಗೆ. ಎಂಜಿನ್ ಫ್ರಾಗ್ ಮುಟ್ಟಿದೊಡನೆ ಶಾರ್ಟ್ ಆದರೆ ಅಕ್ಕಪಕ್ಕದವನ್ನು ಅದಲುಬದಲು ಮಾಡಿದರಾಯಿತು.

ಜಾಯಿನರ್ ಹಳಿಯನ್ನು ಸಾಲಾಗಿಡುತ್ತದೆ. ಕರೆಂಟ್ ದಾಟಿಸುವ ಕೆಲಸಕ್ಕೆ ಅದನ್ನು ನಂಬಬಾರದು. ಹಳಿಯ ಪ್ರತಿ ತುಂಡಿಗೂ 0.5 ಚದರ ಮಿ.ಮೀ.ನ ಫೀಡರ್ ವೈರ್ ಬೆಸೆದು ಕೆಳಗಿನ 1 ಚದರ ಮಿ.ಮೀ. ಮುಖ್ಯ ವೈರ್‌ಗೆ ಸೇರಿಸುವುದು. ಬೆಸುಗೆ ಹಳಿಯ ಹೊರಮೈಯಲ್ಲಿರಬೇಕು. ಒಳಮೈಯಲ್ಲಿ ಚಿಕ್ಕ ಗಂಟಿದ್ದರೂ ಚಕ್ರ ಹತ್ತಿ ಇಳಿಯುತ್ತದೆ. ಹಳಿಯನ್ನು ಉಜ್ಜಿ, ಫ್ಲಕ್ಸ್ ಹಚ್ಚಿ, 40 ವಾಟ್ ಐರನ್ನಿನ ದಪ್ಪ ಮೊನೆಯಲ್ಲಿ ಎರಡು ಮೂರು ಸೆಕೆಂಡ್. ಸಣ್ಣ ಮೊನೆಯಲ್ಲಿ ಹತ್ತು ಸೆಕೆಂಡ್ ಹಿಡಿದರೆ ಹಳಿಯ ಕೆಳಗಿನ ಪ್ಲಾಸ್ಟಿಕ್ ಸ್ಲೀಪರ್ ಕರಗುತ್ತದೆ, ಹಳಿಗಳ ಅಂತರ ತಪ್ಪುತ್ತದೆ.

ಒಂದೇ ಎಂಜಿನ್ ಓಡುವ ಹಲಗೆಗೆ ಸಾಮಾನ್ಯ ಡಿಸಿ ಕಂಟ್ರೋಲರ್ ಸಾಲುತ್ತದೆ. ಆದರೂ ನಾನು ಡಿಸಿಸಿ (ಹಳಿಯ ಮೂಲಕವೇ ಎಂಜಿನ್‌ಗೆ ಡಿಜಿಟಲ್ ಆಜ್ಞೆ ಕಳಿಸುವ ವ್ಯವಸ್ಥೆ) ಹಾಕುವುದು ಆಮೆನಡಿಗೆಗಾಗಿ. ಎಂಜಿನ್ ಒಳಗೆ ಕೂತು ಆ ಆಜ್ಞೆ ಓದುವ ಡಿಕೋಡರ್ ಹೊಸದಾಗಿದ್ದಾಗ ಅದರ ವಿಳಾಸ 3 ಆಗಿರುತ್ತದೆ. ಡಿಕೋಡರ್‌ನ ಸೆಟ್ಟಿಂಗ್‌ಗಳಿಗೆ ಸಿವಿ ಎಂದು ಹೆಸರು; ಸಿವಿ 2ನ್ನು ಒಂದೊಂದೇ ಏರಿಸುತ್ತ, ಮೊದಲ ಸ್ಪೀಡ್ ಮೆಟ್ಟಿಲಿನಲ್ಲಿ ಎಂಜಿನ್ ತುಸುವೇ ಅಲುಗುವಲ್ಲಿಗೆ ನಿಲ್ಲಿಸಬೇಕು. ಸಿವಿ 3 ವೇಗವೇರಿಕೆಗೆ, ಸಿವಿ 4 ಇಳಿಕೆಗೆ. ಸಿವಿ 4 ತೀರ ಹೆಚ್ಚಿಟ್ಟರೆ ಬ್ರೇಕ್ ಇಲ್ಲದ ಗಾಡಿಯಂತೆ ಹೋಗಿ ವ್ಯಾಗನ್‌ಗಳಿಗೆ ಗುದ್ದುತ್ತದೆ. ಎಂಜಿನ್ ಒಳಗೆ ಜಾಗವಿದ್ದರೆ ಕೀಪ್-ಅಲೈವ್ ಕೆಪ್ಯಾಸಿಟರ್ ಕೂರಿಸಿ. ಹಳಿಯ ಮೇಲಿನ ಧೂಳಿನ ಚುಕ್ಕೆಗಳನ್ನು ಅದು ದಾಟಿಸಿಬಿಡುತ್ತದೆ.

ಇನ್ನು ಕಪ್ಲರ್. ಶಂಟಿಂಗ್ ಎಂದರೆ ಕೂಡಿಸುವುದು, ಬಿಡಿಸುವುದು. ಪ್ರತಿ ಸಲ ಕೈ ಹಾಕಬೇಕಾದರೆ ಆಟದ ರುಚಿ ಹೋಯಿತು. ನಾನು ಬಳಸುವುದು ಅಯಸ್ಕಾಂತದಿಂದ ಬಿಚ್ಚಿಕೊಳ್ಳುವ ಕೇಡೀ ಕಪ್ಲರ್. ಹೆಸರು ಕೇಡೀ, ಕೆಲಸ ಮಾತ್ರ ಸಜ್ಜನನದು. ಅಯಸ್ಕಾಂತದ ಮೇಲೆ ನಿಂತು ತುಸು ಸಡಿಲ ಕೊಟ್ಟರೆ ಕೊಕ್ಕೆಗಳು ತೆರೆಯುತ್ತವೆ. ಒಂದಿಷ್ಟು ದೂರ ಸರಿದು ಮತ್ತೆ ತಳ್ಳಿದರೆ ಅವು ಕೂಡಿಕೊಳ್ಳದೆ ಬರೀ ತಳ್ಳುತ್ತವೆ, ವ್ಯಾಗನ್ ಅನ್ನು ಬೇಕಾದಲ್ಲಿ ಬಿಟ್ಟು ಬರಬಹುದು. ಮೂರು ಸೈಡಿಂಗ್‌ಗಳ ಬಾಯಲ್ಲಿ, ನೇರ ಹಳಿಯಿರುವೆಡೆ, ಒಂದೊಂದು ಅಯಸ್ಕಾಂತ. ನೆಕ್‌ನಲ್ಲಿ ಒಂದನ್ನೇ ಹಾಕಿ ಉಳಿತಾಯ ಮಾಡಿದರೆ ಪಾಯಿಂಟ್‌ನ ತಿರುವು ದಾಟುವಾಗ ಕೊಕ್ಕೆ ಮತ್ತೆ ಸಿಕ್ಕಿಕೊಳ್ಳುವುದುಂಟು.

ಇದರಲ್ಲಿ ತಪ್ಪುವುದು ಮೂರು. ಮೊದಲನೆಯದು ಎತ್ತರ: ಕಪ್ಲರ್‌ನ ನಡುಗೆರೆ ಹಳಿಯಿಂದ 9.9 ಮಿ.ಮೀ. ಇರಬೇಕು, ಅಳೆಯುವ ಗೇಜ್ ಸಿಗುತ್ತದೆ. ಎರಡನೆಯದು ಚಕ್ರಗಳನ್ನು ಸೇರಿಸುವ ಕಬ್ಬಿಣದ ಅಚ್ಚು: ಅಯಸ್ಕಾಂತ ಅಚ್ಚನ್ನೇ ಎಳೆದು ವ್ಯಾಗನ್ ತಾನಾಗಿ ಜಾರುತ್ತದೆ. ಹಿತ್ತಾಳೆ ಅಚ್ಚು ಹಾಕಿದರೆ ಪೀಡೆ ತೊಲಗಿತು. ಮೂರನೆಯದು ತೀರ ಹಗುರಾದ, ತೀರ ಸರಾಗವಾಗಿ ಉರುಳುವ ವ್ಯಾಗನ್. ಕೊಕ್ಕೆ ತೆರೆಯುವ ಬದಲು ವ್ಯಾಗನ್ನೇ ಹಿಂದೆ ಬರುತ್ತದೆ. ಅಮೆರಿಕದ ಎನ್‌ಎಂಆರ್‌ಎ ಸಂಘದ ಶಿಫಾರಸು ಎಚ್‌ಒಗೆ 1 ಔನ್ಸ್, ಜೊತೆಗೆ ಇಂಚಿಗೆ ಅರ್ಧ ಔನ್ಸ್, 11 ಸೆಂ.ಮೀ. ವ್ಯಾಗನ್‌ಗೆ ಲೆಕ್ಕ ಹಾಕಿದರೆ ಸುಮಾರು 90 ಗ್ರಾಂ. ಅದು ಸಾಲದಿದ್ದರೆ ಅಚ್ಚಿಗೆ ತಾಗುವಂತೆ ಒಂದು ಚೂರು ಸ್ಪಂಜು ಅಂಟಿಸಿ.

ಜಲ್ಲಿ ಹಾಕುವುದು ಎಲ್ಲ ಪರೀಕ್ಷೆ ಮುಗಿದ ಮೇಲೆ. ಪಿವಿಎ ಅಂಟು ಮತ್ತು ನೀರು ಸಮಸಮ, ಎರಡು ಹನಿ ಪಾತ್ರೆ ತೊಳೆಯುವ ದ್ರವ. ಪಾಯಿಂಟ್‌ನ ಅಡ್ಡಪಟ್ಟಿಯ ಸುತ್ತ ಅಂಟು ಬೇಡವೇ ಬೇಡ.

ಇದೇ ನಕ್ಷೆ ಚಿಕ್ಕ ಸ್ಕೇಲ್‌ಗಳಲ್ಲಿ ಇನ್ನೂ ಕುಗ್ಗುತ್ತದೆ. 1:120ರ ಟಿಟಿಯಲ್ಲಿ ಹೆಚ್ಚುಕಮ್ಮಿ ಒಂದು ಮೀಟರ್, 1:160ರ ಎನ್‌ನಲ್ಲಿ 80 ಸೆಂ.ಮೀ. ಆಸುಪಾಸು. ಬ್ರಿಟನ್ನಿನ ಮಾಡೆಲ್ ರೈಲು ಕಂಪನಿ ಹಾರ್ನ್‌ಬಿ 2022ರಲ್ಲಿ ಟಿಟಿಗೆ ಇಳಿದದ್ದು ಜಾಗದ ಲೆಕ್ಕಕ್ಕೆ ಸರಿಹೊಂದುವ ನಡೆ. ಹೊಸಬರನ್ನು ಸೆಳೆಯುವ ಇನ್ನೊಂದು ಬಾಗಿಲು ವರ್ಕ್‌ಶಾಪಿನದಲ್ಲ, ಕಂಪ್ಯೂಟರಿನದು. ಆರ್ಡುಯಿನೊ ಮೆಗಾ ಬೋರ್ಡಿನ ಮೇಲೆ ಓಡುವ ಡಿಸಿಸಿ-ಇಎಕ್ಸ್ ಮುಕ್ತ ತಂತ್ರಾಂಶ. ವೈಫೈ ಸೇರಿಸಿದರೆ ಮೊಬೈಲೇ ಕಂಟ್ರೋಲರ್. ವ್ಯಾಗನ್‌ನ ಮೈಯನ್ನು ರೆಸಿನ್ ಪ್ರಿಂಟರ್‌ನಲ್ಲಿ 0.05 ಮಿ.ಮೀ. ಪದರದಲ್ಲಿ ತೆಗೆಯಬಹುದು. ಚಕ್ರದ ಅಚ್ಚು ಕೂರುವ ಕಾಲುಗಳನ್ನು ಮಾತ್ರ ರೆಸಿನ್‌ನಲ್ಲಿ ಮಾಡಬೇಡಿ, ಬೀಳುವ ಮೊದಲ ಸಲವೇ ಚಟ್ ಎನ್ನುತ್ತವೆ, ಹಿತ್ತಾಳೆಯವೇ ಸರಿ.

ಬ್ಯಾಟರಿ ಮತ್ತು ರೇಡಿಯೊ ಹೊತ್ತ ಎಂಜಿನ್ ಬಂದರೆ ಮೇಲೆ ಹೇಳಿದ ಫ್ರಾಗ್, ಫೀಡರ್ ಕಥೆಯೆಲ್ಲ ಬೇಡ. ದೊಡ್ಡ ಸ್ಕೇಲ್‌ಗಳಲ್ಲಿ ಅದು ಬಂದಾಗಿದೆ. 13 ಸೆಂ.ಮೀ. ಶಂಟರ್‌ನ ಹೊಟ್ಟೆಯಲ್ಲಿ ಮೋಟಾರ್, ತೂಕದ ಲೋಹ ಕೂತ ಮೇಲೆ ಬ್ಯಾಟರಿಗೆ ಉಳಿಯುವ ಜಾಗ ಅತಿ ಕಡಿಮೆ. ಆದ್ದರಿಂದ ಐಸೋಪ್ರೊಪೈಲ್ ಆಲ್ಕೊಹಾಲ್ ಬಾಟಲಿಯೂ ಹಳಿ ಒರೆಸುವ ಬಟ್ಟೆಯೂ ಇನ್ನು ಕೆಲವು ಕಾಲ ಹಲಗೆಯ ಪಕ್ಕದಲ್ಲೇ ಇರಲಿ.