ಕೊಟ್ಟಿಗೆಯಲ್ಲಿದ್ದ ಕೆಂಪು ಶೆವೆಲ್

ಹಳೇ ಕಾರು ನೋಡೋಕೆ ಹೋಗುವಾಗ ನಾನು ಹಾಕಿಕೊಳ್ಳುವುದು, ನಾಳೆ ಎಸೆದರಾಯ್ತು ಅಂತ ಎತ್ತಿಟ್ಟ ಪ್ಯಾಂಟು. ಕಾರಿನ ನಿಜ ಗೊತ್ತಾಗುವುದು ಅದರ ಕೆಳಗೆ ಮಲಗಿದಾಗ. ಒಳ್ಳೇ ಬಟ್ಟೆಯಲ್ಲಿದ್ದರೆ ಮಲಗೋಕೆ ಮನಸ್ಸು ಬರಲ್ಲ. ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಬಣ್ಣಕ್ಕೆ ಮರುಳಾಗಿ ದುಡ್ಡು ಕೊಟ್ಟು ಬರುತ್ತೇವೆ. ನನ್ನ ಮೊದಲ ಕಾರು, 1969ರ ಶೆವ್ರೊಲೆ ನೋವಾ, ಹಾಗೇ ಮನೆಗೆ ಬಂತು. ಹಿಂದಿನ ಚಕ್ರದ ಮೇಲಿನ ತಗಡನ್ನು ಉಜ್ಜುತ್ತಾ ಹೋದರೆ ಅರ್ಧ ಇಂಚು ಪುಟ್ಟಿ. ಪುಟ್ಟಿಯ ಹಿಂದೆ ತಗಡೇ ಇಲ್ಲ, ಸೊಳ್ಳೆ ಜಾಲರಿಯಂಥದ್ದು ಏನೋ ಇತ್ತು. ಮೇಲೆಲ್ಲಾ ಥಳುಕು, ಒಳಗೆಲ್ಲಾ ಹುಳುಕು ಅಂತ ಅಜ್ಜಿ ಹೇಳುತ್ತಿದ್ದದ್ದು ಆವತ್ತು ನೆನಪಾಯಿತು.

ಮಿಷಿಗನ್‌ಗೆ ಬಂದು 14 ವರ್ಷವಾಯಿತು. ಇಲ್ಲಿ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುತ್ತಾರೆ. ಆ ಉಪ್ಪಿನಿಂದಾಗಿ ಈ ಕಡೆಯ ಕಾರುಗಳಿಗೆ ಎಂಜಿನ್ ಸಾಯುವ ಮೊದಲೇ ಮೈ ಹೋಗುತ್ತದೆ. ಹೀಗಾಗಿ ಒಹಾಯೊದ ಟೊಲಿಡೊ ಆಚೆ, ಹೊಲದ ನಡುವಿನ ಕೊಟ್ಟಿಗೆಯಲ್ಲಿ ಶೆವ್ರೊಲೆ ಕಂಪನಿಯ 1970ರ ಶೆವೆಲ್ ಕಾರು ಇದೆ ಅಂತ ಗೊತ್ತಾದಾಗ ಖುಷಿಗಿಂತ ಅನುಮಾನವೇ ಜಾಸ್ತಿ ಇತ್ತು. ಜೊತೆಗೆ ಪಕ್ಕದ ಮನೆಯ ಹಿರಿಯರು ಬಂದರು. ನಿವೃತ್ತ ವೆಲ್ಡರ್, ಮಾತು ಕಮ್ಮಿ. ನನ್ನ ಚೀಲದಲ್ಲಿ ಫ್ರಿಜ್ ಬಾಗಿಲಿಗೆ ಅಂಟಿಸುವ ಆಯಸ್ಕಾಂತ, ಸ್ಕ್ರೂಡ್ರೈವರ್, ಸಣ್ಣ ಸುತ್ತಿಗೆ, ಟಾರ್ಚು, ಹಿಡಿಯಿರುವ ಕನ್ನಡಿ, ಮಲಗೋಕೆ ಒಂದು ರಟ್ಟು. ಇಷ್ಟೇ.

"ನಮ್ಮಪ್ಪನ ಕಾರು. ಅಸಲಿ ಎಸ್‌ಎಸ್ 396. ಮೊದಲಿಂದಲೂ ಕೆಂಪೇ" ಅಂದ ಮಾರುವವನು. ಕೇಳಿದ್ದು 24,000 ಡಾಲರ್. ಆಸಾಮಿ ಸುಳ್ಳುಗಾರನ ಹಾಗೆ ಕಾಣಲಿಲ್ಲ.

ಎಸ್‌ಎಸ್ ಅಂದರೆ ಸೂಪರ್ ಸ್ಪೋರ್ಟ್, ದೊಡ್ಡ ಎಂಜಿನ್ನಿನ ಶೆವೆಲ್. 396 ಅನ್ನೋದು ಎಂಜಿನ್ನಿನ ಅಳತೆ, ಘನ ಇಂಚಿನಲ್ಲಿ. ಇಲ್ಲೊಂದು ಸಿಕ್ಕು ಇದೆ. ಆ ವರ್ಷ ಎಸ್‌ಎಸ್ ಅನ್ನೋದು ಬೇರೆ ಮಾಡೆಲ್ ಅಲ್ಲ, ಶೆವೆಲ್ ಸಾಲಿನದೇ ಆದ ಮಲಿಬು ಕಾರಿನ ಮೇಲೆ ಹಾಕಿಸಿಕೊಳ್ಳುವ ಆಪ್ಷನ್. ಡ್ಯಾಶ್‌ಬೋರ್ಡ್ ಮೇಲಿನ ಚಾಸಿಸ್ ನಂಬರ್ 13637 ಅಂತ ಶುರುವಾದರೆ ಅದು ವಿ8, ಅಂದರೆ ಎಂಟು ಸಿಲಿಂಡರ್ ಎಂಜಿನ್, ಇರುವ ಎರಡು ಬಾಗಿಲಿನ ಮಲಿಬು ಅಂತಷ್ಟೇ ಅರ್ಥ. 135 ಅಂತ ಶುರುವಾದರೆ ಹುಟ್ಟಿನಿಂದ ಆರು ಸಿಲಿಂಡರ್, ಅದು ಎಸ್‌ಎಸ್ ಆಗೋಕೆ ಸಾಧ್ಯವೇ ಇಲ್ಲ. ಇದರಲ್ಲಿ 13637 ಇತ್ತು. ಅಂದರೆ ಹೌದೂ ಅನ್ನುವ ಹಾಗಿಲ್ಲ, ಇಲ್ಲ ಅನ್ನುವ ಹಾಗೂ ಇಲ್ಲ. ಗೊತ್ತಾಗಬೇಕಾದರೆ ಕಾರ್ಖಾನೆಯ ಬಿಲ್ಡ್ ಶೀಟ್, ಅಂದರೆ ಆ ಕಾರಿಗೆ ಏನೇನು ಹಾಕಬೇಕು ಅಂತ ಬರೆದ ಪಟ್ಟಿ, ಸಿಗಬೇಕು. ಅದನ್ನು ಹಿಂದಿನ ಸೀಟಿನ ಸ್ಪ್ರಿಂಗ್‌ಗೆ ಸಿಕ್ಕಿಸಿರುತ್ತಿದ್ದರು, ಇಲ್ಲವೇ ಪೆಟ್ರೋಲ್ ಟ್ಯಾಂಕಿನ ಮೇಲೆ ಇಟ್ಟಿರುತ್ತಿದ್ದರು. ಸೀಟು ಎತ್ತಿದೆವು. ಇಲಿ ಗೂಡು. ಗೂಡು ಕಟ್ಟಿದ್ದೇ ಆ ಕಾಗದದಿಂದ.

ಸರಿ, ಕಬ್ಬಿಣವನ್ನೇ ಕೇಳೋಣ ಅಂತ ಕೆಳಗೆ ತೂರಿದೆ. ಎಸ್‌ಎಸ್ ಆಗಿದ್ದರೆ ಹಿಂದಿನ ಆಕ್ಸಲ್ ಮುಚ್ಚಳಕ್ಕೆ 12 ಬೋಲ್ಟ್ ಇರಬೇಕು. ಎಣಿಸಿದೆ, ಹತ್ತು. ಇನ್ನೊಮ್ಮೆ ಎಣಿಸಿದೆ, ಹತ್ತೇ. ತಿರುವಿನಲ್ಲಿ ಕಾರು ವಾಲದ ಹಾಗೆ ತಡೆಯುವ ಹಿಂದಿನ ಸರಳು, ಸ್ವೇ ಬಾರ್, ಇರಲಿಲ್ಲ, ಅದನ್ನು ಕೂರಿಸುವ ತೂತುಗಳೂ ಇರಲಿಲ್ಲ. ಆಮೇಲೆ ಎಂಜಿನ್. ಬ್ಯಾಡ್ಜ್ ಮೇಲೆ 396 ಅಂತಿದ್ದರೂ 1970ರಲ್ಲಿ ಒಳಗೆ ಕೂರುತ್ತಿದ್ದದ್ದು ಬಹುತೇಕ 402 ಘನ ಇಂಚಿನದು. ಇಲ್ಲಿದ್ದದ್ದೂ 402 ಇಂಚಿನದೇ. ಆದರೆ ಬ್ಲಾಕಿನ ಮೇಲೆ ಜಿಡ್ಡು ಕೆರೆದಾಗ ಕಂಡ ಅಚ್ಚು ಎಚ್ 20 1. ಎಚ್ ಅಂದರೆ ಎಂಟನೇ ತಿಂಗಳು. 1971ರ ಆಗಸ್ಟ್ 20ರಂದು ಎರಕ ಹೊಯ್ದ ಬ್ಲಾಕ್. ಎಂಜಿನ್ನಿಗೂ ಕೂರುವ ಜಾಗಕ್ಕೂ ನಡುವಿನ ಗೋಡೆ, ಅಂದರೆ ಫೈರ್‌ವಾಲ್ ಮೇಲಿನ ತಗಡು ಪಟ್ಟಿಯಲ್ಲಿ 04ಬಿ, ಅಂದರೆ ಏಪ್ರಿಲ್ ಎರಡನೇ ವಾರ ಅಂತಿತ್ತು. 1970ರ ಏಪ್ರಿಲ್‌ನಲ್ಲಿ ತಯಾರಾದ ಕಾರಿಗೆ ಮುಂದಿನ ವರ್ಷ ಹುಟ್ಟಿದ ಎಂಜಿನ್! ಹಿರಿಯರು ಮೊದಲ ಸಲ ನಕ್ಕರು.

ನಕಲಿ ಅಂದ ಮಾತ್ರಕ್ಕೆ ಬಿಟ್ಟು ಬರಬೇಕಿಲ್ಲ. ಬೆಲೆ ಮಲಿಬುದು ಆಗಬೇಕು, ಅಷ್ಟೇ. ನನಗೆ ಮುಖ್ಯವಾದದ್ದು ಮೈ. ತೀರ್ಥಹಳ್ಳಿಯಲ್ಲಿ ಹಲಸಿನಕಾಯಿ ಬಡಿದು ನೋಡುತ್ತಿದ್ದ ಹಾಗೆ ಬೆರಳಿನ ಗೆಣ್ಣಿನಿಂದ ತಗಡು ಬಡಿಯುತ್ತಾ ಹೋದೆ. ಬಾಗಿಲು ಟಣ್ ಅಂತು. ಹಿಂದಿನ ಚಕ್ರದ ಮೇಲ್ಭಾಗ ದಬ್ ದಬ್ ಅಂತು, ಆಯಸ್ಕಾಂತ ಜಾರಿ ಬಿತ್ತು. ಪುಟ್ಟಿ. ಡಿಕ್ಕಿ ತೆಗೆದರೆ ಎರಡೂ ಪಕ್ಕದ ಗುಂಡಿಗಳಿಂದ ಕೆಳಗಿನ ಹುಲ್ಲು ಕಾಣುತ್ತಿತ್ತು. ಇದಕ್ಕೆ ಕಾರಣ ಡಿಕ್ಕಿಯಲ್ಲಿರಲ್ಲ, ಮೇಲಿರುತ್ತೆ. ಹಿಂದಿನ ಗಾಜಿನ ಸುತ್ತಲಿನ ಕಾಲುವೆ ತುಕ್ಕು ಹಿಡಿದು, ನೀರು ಅಲ್ಲಿಂದ ಇಳಿದಿರುತ್ತೆ. ಈ ಕಾರಿಗೆ ವಿನೈಲ್ ಚಾವಣಿ ಬೇರೆ. ಗಾಜಿನ ಮೂಲೆಯಲ್ಲಿ ವಿನೈಲ್ ಉಬ್ಬಿತ್ತು, ಒತ್ತಿದರೆ ಚರ್ರ್ ಅಂತು. ಒಳಗೆ ತಗಡು ಹಪ್ಪಳವಾಗಿದೆ ಅಂತ ಅರ್ಥ. ಈ ಕೆಲಸ ನನಗೆ ಎಲ್ಲಕ್ಕಿಂತ ಬೇಜಾರು.

ಕಾಲಿಡುವ ಜಾಗದಲ್ಲೂ ತೂತುಗಳಿದ್ದವು. ಅದಕ್ಕೆ ನಾನು ತಲೆ ಕೆಡಿಸಿಕೊಳ್ಳಲ್ಲ. ಶೆವೆಲ್‌ಗೆ ಹೊಸ ನೆಲದ ತಗಡು ರೆಡಿ ಸಿಗುತ್ತೆ, ಕತ್ತರಿಸಿ ಬೆಸೆದರಾಯ್ತು. ಎಂಜಿನ್ ಜಾಮ್ ಆಗಿತ್ತು, ಉದ್ದನೆ ಪಾನಾ ಹಾಕಿ ತಿರುಗಿಸಿದರೂ ಅಲ್ಲಾಡಲಿಲ್ಲ. ಅದೂ ದೊಡ್ಡದಲ್ಲ, ಎಂಜಿನ್ ಬಿಚ್ಚಿ ಮಷೀನ್ ಶಾಪ್‌ಗೆ ಕೊಡಬಹುದು. ಹೆದರಿಕೆ ಇದ್ದದ್ದು ಫ್ರೇಮಿನದು. ಮೈ, ಫ್ರೇಮ್ ಎರಡೂ ಒಂದೇ ಆಗಿರುವ ಫೋರ್ಡ್ ಮಸ್ಟಾಂಗ್‌ನಂತಲ್ಲದೆ ಶೆವೆಲ್‌ಗೆ ಮೈ ಬೇರೆ, ಫ್ರೇಮ್ ಬೇರೆ. ಹಿಂದಿನ ಆಕ್ಸಲ್ ಮೇಲೆ ಬಾಗಿ ಬಂಪರ್ ಕಡೆ ಹೋಗುವ ಜಾಗದಲ್ಲಿ ಮಣ್ಣು, ಉಪ್ಪು ಸೇರಿ ಒಳಗಿನಿಂದಲೇ ತಿಂದುಬಿಡುತ್ತೆ. ಹಿರಿಯರು ತಾವೇ ರಟ್ಟಿನ ಮೇಲೆ ಮಲಗಿ, ಗೇಣು ಗೇಣಿಗೆ ಸುತ್ತಿಗೆಯಿಂದ ತಟ್ಟಿದರು. ಹತ್ತು ನಿಮಿಷ ಬರೀ ಟಣ್ ಟಣ್. ಬಲಗಡೆ ಒಂದೇ ಕಡೆ ಸದ್ದು ಸತ್ತಿತು. ಸ್ಕ್ರೂಡ್ರೈವರ್ ಒತ್ತಿ ನೋಡಿದರು, ಒಳಗೆ ಹೋಗಲಿಲ್ಲ. "ಬರೀ ಮಣ್ಣು" ಅಂದರು.

ಮಾರುವವನ ಮುಂದೆ ಕಾರನ್ನು ಹೀಯಾಳಿಸಲಿಲ್ಲ, ನಾನು ಹಾಗೆ ಮಾಡಲ್ಲ. ಅಪ್ಪನ ಕಾರು ಅಲ್ವಾ. ಬೋಲ್ಟುಗಳನ್ನೂ ಬ್ಲಾಕಿನ ತಾರೀಖನ್ನೂ ತೋರಿಸಿ 11,000 ಅಂದೆ. ಮುಖ ಸಣ್ಣದು ಮಾಡಿಕೊಂಡ. ಮೂರು ವಾರ ಬಿಟ್ಟು ಅವನೇ ಫೋನ್ ಮಾಡಿದ. 12,500ಕ್ಕೆ ಮುಗಿಯಿತು.

ಜನವರಿಯಲ್ಲಿ ಪೆಟ್ರೋಲ್ ಟ್ಯಾಂಕ್ ಇಳಿಸಿದಾಗ ಅದರ ಮೇಲೆ ಇನ್ನೊಂದು ಬಿಲ್ಡ್ ಶೀಟ್ ಇತ್ತು, ಕಂದು ಬಣ್ಣಕ್ಕೆ ತಿರುಗಿ, ಅಂಚು ಪುಡಿಯಾಗಿ. 307 ಘನ ಇಂಚಿನ ಸಣ್ಣ ಎಂಜಿನ್, ಎರಡು ಗೇರಿನ ಪವರ್‌ಗ್ಲೈಡ್ ಆಟೋಮ್ಯಾಟಿಕ್, ಹಸಿರು ಬಣ್ಣ. ಫೋಟೋ ತೆಗೆದು ಅವನಿಗೆ ಕಳಿಸಿದೆ. ರಾತ್ರಿ ಉತ್ತರ ಬಂತು: "ಅಮ್ಮ ಯಾವಾಗಲೂ ಹಸಿರು ಅಂತಲೇ ಹೇಳುತ್ತಿದ್ದಳು. ನಾವ್ಯಾರೂ ನಂಬುತ್ತಿರಲಿಲ್ಲ."