ಎಣ್ಣೆ ಬಾವಿ ಚರ್ಚೆ: ಎದುರಾಳಿಯ ಭಾಷಣ ಬರೆಸಿ ಗೆದ್ದಿದ್ದು

ಈ ವರ್ಷ ಮೈಸೂರಿನ ಚರ್ಚಾಸ್ಪರ್ಧೆಯ ರೋಲಿಂಗ್ ಶೀಲ್ಡ್ ಮಂಡ್ಯಕ್ಕೆ ಬಂತು. ನಮ್ಮ ಸ್ಟಾಫ್ ರೂಮಿನ ಬೀರು ಮೇಲೆ ಕೂತಿದೆ. "ಸುಮ್ನೆ ಮಕ್ಕಳ ತಲೆ ಕೆಡಿಸ್ತಿದೀರ ಮೇಷ್ಟ್ರೇ" ಅಂದವರೇ ಈಗ ಅದರ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದಾರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಕಾಡಿನೊಳಗೆ ನಮ್ಮದೇ ಎಣ್ಣೆ ಕೊರೆಯಬೇಕಾ, ಇಲ್ಲ ಹೊರದೇಶದ ಎಣ್ಣೆಯನ್ನೇ ನಂಬಿಕೊಂಡು ಇರಬೇಕಾ? ಮಕ್ಕಳನ್ನು ಸ್ಪರ್ಧೆಗೆ ಕರೆದುಕೊಂಡು ಹೋಗುವವರಿಗೆಲ್ಲ ಈ ವಿಷಯ ಗೊತ್ತು. ಒಂದಲ್ಲ ಒಂದು ಕಡೆ ಬಂದೇ ಬರುತ್ತೆ.

ಮೊದಲ ವರ್ಷ ನಮಗೆ ವಿರೋಧದ ಪಾಳಿ, ಅಂದರೆ ಕೊರೆಯೋದು ಬೇಡ ಅನ್ನಬೇಕು. ಭಾಷಣ ನಾನೇ ಬರೆದುಕೊಟ್ಟೆ, ಹುಡುಗ ಬಾಯಿಪಾಠ ಮಾಡಿದ. ಅಲಾಸ್ಕಾದ ಆರ್ಕ್ಟಿಕ್ ವನ್ಯಧಾಮದ ಕರಾವಳಿ ಬಯಲು ಮತ್ತು ಅದರ ಸುತ್ತಮುತ್ತ ಇರೋದು ಸುಮಾರು 1,000 ಕೋಟಿ ಬ್ಯಾರಲ್ ಅಂತ 1998ರಲ್ಲಿ ಅಲ್ಲಿನ ಭೂಗರ್ಭ ಸರ್ವೆಯವರು ಅಂದಾಜು ಮಾಡಿದ್ದರು. ಅಮೆರಿಕಕ್ಕೆ ದಿನಕ್ಕೆ ಹತ್ತಿರ ಹತ್ತಿರ 2 ಕೋಟಿ ಬ್ಯಾರಲ್ ಬೇಕು. "500 ದಿನಕ್ಕೆ ಖಾಲಿ!" ಅಂತ ಹುಡುಗ ಕೈ ಎತ್ತಿದ. ಚಪ್ಪಾಳೆಯೋ ಚಪ್ಪಾಳೆ. ಆಮೇಲೆ ಎದುರಿನ ಹುಡುಗಿ ಎದ್ದಳು. "ಮನೆಗೆ ಒಂದು ಮೂಟೆ ಅಕ್ಕಿ ತಂದರೆ ಅದನ್ನ ಮುಗಿಸೋವರೆಗೂ ಬೇರೆ ಏನೂ ತಿನ್ನಲ್ವಾ? ದಿನಾ ಒಂದು ಪಾವು ಹಾಕಿಕೊಂಡರೂ ಅಂಗಡಿ ಸಾಲ ಕಮ್ಮಿ ಆಗುತ್ತೆ ಅಲ್ವಾ?" ನಮ್ಮವನ ಭಾಷಣದಲ್ಲಿ ಇದಕ್ಕೆ ಉತ್ತರ ಇರಲಿಲ್ಲ. ನನ್ನ ಹತ್ತಿರವೂ ಇರಲಿಲ್ಲ ಬಿಡಿ.

ಎರಡನೇ ವರ್ಷ ಪರ, ವಿರೋಧ ಎರಡನ್ನೂ ಬರೆದುಕೊಟ್ಟೆ. ಅದು ಇನ್ನೂ ಕೆಟ್ಟಿತು. ಹುಡುಗ ಪರವಾಗಿ ಶುರು ಮಾಡಿ, ಮೊದಲ ಗಂಟೆ ಹೊಡೆಯುವ ಹೊತ್ತಿಗೆ ವಿರೋಧಕ್ಕೆ ಹೊರಳಿಬಿಟ್ಟ. ತೀರ್ಪುಗಾರರೇ ನಕ್ಕರು. ಎರಡು ವರ್ಷಕ್ಕೆ ರೈಲು, ಊಟ, ಜೆರಾಕ್ಸ್ ಸೇರಿ ನಾಲ್ಕೂವರೆ ಸಾವಿರದ ಹತ್ತಿರ ನನ್ನ ಕೈಯಿಂದ ಹೋಗಿತ್ತು. ಬಂದಿದ್ದು ಎರಡು ಪೆನ್ನು, ಭಾಗವಹಿಸಿದ ಸರ್ಟಿಫಿಕೇಟು.

ಮೂರನೇ ಸಲ ಏನೂ ಬರೆದುಕೊಡಲಿಲ್ಲ. ಯಾರಿಗೆ ಯಾವ ಕಡೆ ಇಷ್ಟವೋ ಅದರ ಎದುರು ಕಡೆಯ ಭಾಷಣವನ್ನು ಅವರೇ ಬರೆಯಬೇಕು ಅಂದೆ. ಒಬ್ಬಳ ಅಪ್ಪ ಗೂಡ್ಸ್ ಆಟೋ ಓಡಿಸುತ್ತಾರೆ. ಡೀಸೆಲ್ ಅಂದರೆ ಅವಳಿಗೆ ಮನೆ ಲೆಕ್ಕ, ಕೊರೆಯಲೇಬೇಕು ಅನ್ನುವವಳು. ಅವಳಿಗೆ ಕೊರೆಯೋದು ಬೇಡ ಅನ್ನುವ ಅಲಾಸ್ಕಾದ ಗ್ವಿಚಿನ್ ಬುಡಕಟ್ಟಿನವರ ಕಡೆ ಕೊಟ್ಟೆ. ಅವರ ಊಟವೇ ಕ್ಯಾರಿಬೂ ಜಿಂಕೆ, ಆ ಜಿಂಕೆಗಳು ಮರಿ ಹಾಕೋದು ಅದೇ ಬಯಲಲ್ಲಿ. ಕಾಡಿನ ಹುಚ್ಚು ಇದ್ದ ಹುಡುಗನಿಗೆ ಕಾಕ್ಟೋವಿಕ್ ಕೊಟ್ಟೆ. ಆ ಊರು ಇರೋದೇ ವನ್ಯಧಾಮದ ಗಡಿಯೊಳಗೆ, ಅಲ್ಲಿನ ಇನುಪಿಯಾಟ್ ಜನರಲ್ಲಿ ಬಹಳ ಮಂದಿ ಎಣ್ಣೆ ತೆಗೆಯಲಿ ಅನ್ನುವವರು. "ಸಾರ್, ಇದು ಮೋಸ" ಅಂತ ಎರಡು ದಿನ ಮುಖ ಊದಿಸಿಕೊಂಡಿದ್ದ.

ಹದಿನೈದು ದಿನಕ್ಕೆ ಇಬ್ಬರೂ ನನಗಿಂತ ಜೋರಾದರು. ಅವಳು 2025ರ ಹರಾಜು ಹುಡುಕಿ ತಂದಳು: ಅದೇ ಬಯಲಿನ ಗುತ್ತಿಗೆಗೆ ಒಬ್ಬರೂ ಬಿಡ್ ಹಾಕಲಿಲ್ಲ. ಇವನು 1991 ತಂದ. ಕುವೈತ್ ಗಲಾಟೆಯಲ್ಲಿ ಎಣ್ಣೆ ರೇಟು ಏರಿ, ಡಾಲರ್ ಖಾಲಿಯಾಗಿ, ನಾವು ಚಿನ್ನ ಅಡ ಇಟ್ಟ ಕತೆ. ಈಗಲೂ ನಮ್ಮ ಕಚ್ಚಾ ಎಣ್ಣೆಯಲ್ಲಿ ನೂರಕ್ಕೆ 85ಕ್ಕಿಂತ ಜಾಸ್ತಿ ಹೊರಗಿನದು. ಮಂಗಳೂರು, ಪಾದೂರು, ವಿಶಾಖಪಟ್ಟಣದಲ್ಲಿ ತುರ್ತಿಗೆ ಅಂತ ಎಣ್ಣೆ ಕೂಡಿಡುವ ನೆಲಗುಹೆಗಳನ್ನು ಪೂರ್ತಿ ತುಂಬಿಸಿದರೂ ದೇಶಕ್ಕೆ ಒಂಬತ್ತು ಹತ್ತು ದಿನಕ್ಕಷ್ಟೇ ಸಾಕು.

ನಡುವೆ ಒಂದು ಅಡ್ಡದಾರಿ ಹಿಡಿದಿದ್ದೆವು. ಎರಡೂ ಬೇಡ, ಹೊಂಗೆ ಎಣ್ಣೆ ಅನ್ನೋಣ ಅಂತ ನನಗೆ ಹೊಳೆಯಿತು. ಒಬ್ಬನ ತಾತನ ಹಳೇ ಡೀಸೆಲ್ ಪಂಪಿಗೆ ಮೂರಕ್ಕೆ ಒಂದು ಪಾಲು ಹೊಂಗೆ ಎಣ್ಣೆ ಬೆರೆಸಿ ಹಾಕಿದೆವು. ಓಡಿತು! ಎರಡನೇ ವಾರಕ್ಕೆ ಫಿಲ್ಟರ್ ಕಟ್ಟಿಕೊಂಡಿತು. "ಮೇಷ್ಟ್ರೇ, ನಿಮ್ಮ ಪಾಠ ಕಾಲೇಜಲ್ಲೇ ಇಟ್ಕಳಿ" ಅಂದರು ತಾತ. ಹೊಸ ಫಿಲ್ಟರ್ ನಾನೇ ತಂದುಕೊಟ್ಟೆ. ಅಭ್ಯಾಸ ಪಂದ್ಯದಲ್ಲಿ ಹೊಂಗೆ ಮಾತು ಎತ್ತಿದ್ದಕ್ಕೆ ವಿಷಯಾಂತರ ಅಂತ ಅಂಕ ಬೇರೆ ಕಳೆದರು.

ಫೈನಲ್‌ನಲ್ಲಿ ಹತ್ತು ನಿಮಿಷ ಮುಂಚೆ ಚೀಟಿ ಎತ್ತಿಸಿದರು. ನಮಗೆ ಪರ ಬಂತು. ಹುಡುಗಿ ಎದ್ದವಳೇ ಅಸ್ಸಾಮಿನ ಬಾಗ್ಜಾನ್‌ನಿಂದ ಶುರು ಮಾಡಿದಳು. 2020ರ ಮೇ 27ರಂದು ಬಾವಿ ಸಿಡಿದಿದ್ದು, ಜೂನ್‌ನಲ್ಲಿ ಬೆಂಕಿ ಹೊತ್ತಿದ್ದು, ಬೆಂಕಿ ಆರಿಸುವ ಇಬ್ಬರು ಸತ್ತಿದ್ದು, ಪಕ್ಕದ ಮಾಗುರಿ ಜೌಗಿನಲ್ಲಿ ಮೀನು ಸತ್ತು ತೇಲಿದ್ದು, ನವೆಂಬರ್‌ವರೆಗೂ ಉರಿದಿದ್ದು, ಎಲ್ಲ ಹೇಳಿದಳು. ಎದುರಿನವರು ಹಾಳೆ ಮೇಲೆ ಹಾಳೆ ತಿರುಗಿಸುತ್ತಿದ್ದರು. ಅವರ ಅರ್ಧ ಭಾಷಣವೇ ಅದು! ಆಮೇಲೆ ಕೇಳಿದಳು, "ಹೊರಗಿಂದ ತರಿಸೋ ಎಣ್ಣೆಗೂ ಯಾರದೋ ಕೆರೆ ಹಾಳಾಗಿರುತ್ತೆ. ಅದು ನಮ್ಮ ಕಣ್ಣಿಗೆ ಬೀಳಲ್ಲ, ಅದಕ್ಕೆ ನಾವು ಒಳ್ಳೆಯವರಾ? ನಮ್ಮ ನೆಲದಲ್ಲಾದರೆ ಬಾವಿ ಕೊರೆಯೋನ ಕೊರಳಪಟ್ಟಿ ಹಿಡಿದು ಕೇಳಬಹುದು." ಈ ಸಾಲು ನನ್ನದಲ್ಲ, ಅವಳದೇ. ವಿರೋಧ ಬರೆದು ಬರೆದು ಸಿಕ್ಕಿದ್ದು.

ಕೊನೆಯ ಅರ್ಧ ನಿಮಿಷಕ್ಕೆ ಏನು ಹೇಳಿಕೊಟ್ಟೆ ಅನ್ನೋದನ್ನು ಇಲ್ಲಿ ಬರೆಯಲ್ಲ, ಮುಂದಿನ ವರ್ಷವೂ ಶೀಲ್ಡ್ ಬೇಕಲ್ಲ. ಬಹುಮಾನದ ಮೂರು ಸಾವಿರ ಮಕ್ಕಳೇ ಹಂಚಿಕೊಂಡರು. ಶೀಲ್ಡಿನ ಮೇಲೆ ಹೆಸರು ಕೆತ್ತಿಸುವ ಖರ್ಚು ಗೆದ್ದ ಕಾಲೇಜಿನದಂತೆ. ಮುನ್ನೂರೈವತ್ತು. ಅದೂ ನನ್ನ ಜೇಬಿಂದಲೇ ಹೋಯಿತು.