ಕ್ಯಾಂಪಸ್ಸಿನ ಹಕ್ಕಿ, ಚಿಟ್ಟೆ, ಹುಲ್ಲು: ನಾವು ದಾಖಲಿಸಿದ ಬಗೆ

ಚಳಿಗಾಲದಲ್ಲಿ ಫ್ಲೆಮಿಂಗೊ ನೋಡಲು ಆಲಮಟ್ಟಿ ಹಿನ್ನೀರಿಗೆ ಹೋಗಿಬರುವ ಎಷ್ಟೋ ವಿದ್ಯಾರ್ಥಿಗಳಿಗೆ ತಮ್ಮ ಹಾಸ್ಟೆಲಿನ ಹಿಂದಿನ ಗರಸು ನೆಲದಲ್ಲೇ ಟಿಟ್ಟಿಭ ಹಕ್ಕಿ ಮೊಟ್ಟೆ ಇಡುತ್ತದೆ ಎಂಬುದು ಗೊತ್ತಿರುವುದಿಲ್ಲ. ವಿಜಯಪುರದ ಹೊರವಲಯದ ನಮ್ಮ ಕ್ಯಾಂಪಸ್ಸಿನಲ್ಲಿ ದಾಖಲೆ ಶುರುಮಾಡುವಾಗ ಕ್ಯಾಮೆರಾಕ್ಕಿಂತ ಮೊದಲು ಗೊತ್ತುಮಾಡಿಕೊಂಡದ್ದು ನಡೆಯುವ ದಾರಿ. ಗೇಟಿನಿಂದ ಬೇವಿನ ಗಿಡಗಳ ಸಾಲು, ನೀರಿನ ಟಾಕಿ, ಅಲ್ಲಿಂದ ಹುಲ್ಲಿನ ಬಯಲು. ಹೆಚ್ಚುಕಡಿಮೆ ಒಂದು ಕಿಲೋಮೀಟರ್. ಹೊತ್ತು ಮೂಡಿದ ಮೇಲಿನ ಮೊದಲ ತಾಸು. ದಾರಿ, ಹೊತ್ತು ಎರಡೂ ಬದಲಾಗುತ್ತಿದ್ದರೆ ಜನವರಿಯ ಪಟ್ಟಿಯನ್ನು ಜೂನ್ ಪಟ್ಟಿಯ ಪಕ್ಕದಲ್ಲಿಟ್ಟು ಏನನ್ನೂ ಹೇಳಲಾಗದು.

ಹಕ್ಕಿಗಳಿಗೆ ಇ-ಬರ್ಡ್, ಅಂದರೆ ಕಂಡ ಹಕ್ಕಿಗಳ ಪಟ್ಟಿ ದಾಖಲಿಸುವ ಆ್ಯಪ್. ಕನಿಷ್ಠ 15 ನಿಮಿಷ ನೋಡಿ, ಗುರುತು ಸಿಕ್ಕ ಎಲ್ಲವನ್ನೂ ಎಣಿಸಿ ಬರೆಯಬೇಕು. ಹೊಸಬರು ಕಾಗೆ, ಗೊರವಂಕ, ಪಾರಿವಾಳ ಬಿಟ್ಟುಬಿಡುತ್ತಾರೆ. ಹಾಗೆ ಬಿಟ್ಟ ಪಟ್ಟಿಯನ್ನು 'ಸಂಪೂರ್ಣ' ಎಂದು ಗುರುತಿಸಬಾರದು. ಜಾಗ ಆರಿಸುವಾಗ ಎಲ್ಲರೂ ಆ್ಯಪಿನಲ್ಲಿ ಈಗಾಗಲೇ ಗುರುತಿಸಿರುವ ಕ್ಯಾಂಪಸ್ಸಿನ ಒಂದೇ ಹಾಟ್‌ಸ್ಪಾಟ್ ಆರಿಸಲಿ, ಇಲ್ಲದಿದ್ದರೆ ಪಟ್ಟಿ ಹತ್ತು ಕಡೆ ಹರಿದುಹೋಗುತ್ತದೆ. ನಡೆದ ದೂರ ಅಳೆಯುವ ಟ್ರ್ಯಾಕ್ ನಿಲ್ಲಿಸಲು ಮರೆತು ಸ್ಕೂಟರ್ ಹತ್ತಿದರೆ ದೂರ ಆರೇಳು ಕಿಲೋಮೀಟರ್ ಆಗಿ ಕೂರುತ್ತದೆ, ಅದನ್ನು ಅಂದೇ ತಿದ್ದಬೇಕು. ಮರ್ಲಿನ್ ಆ್ಯಪ್ ದನಿ ಕೇಳಿ ಹೆಸರು ಹೇಳುತ್ತದೆ ನಿಜ. ಆದರೆ ಕಾಜಾಣ, ಕಳಿಂಗ ಹಕ್ಕಿಗಳು ಬೇರೆಯವುಗಳ ದನಿ ಅನುಕರಿಸುತ್ತವೆ. ಕಣ್ಣಿಂದಲೋ ಕಿವಿಯಿಂದಲೋ ನಮಗೇ ಖಾತ್ರಿಯಾಗದ್ದನ್ನು ನಾವು ಬರೆಯುವುದಿಲ್ಲ. ಹೊಸಬರನ್ನು ಸೇರಿಸಿಕೊಳ್ಳಲು ಫೆಬ್ರುವರಿಯ ನಾಲ್ಕು ದಿನಗಳ ಕ್ಯಾಂಪಸ್ ಹಕ್ಕಿ ಎಣಿಕೆಯಷ್ಟು ಒಳ್ಳೆಯ ಸಂದರ್ಭ ಬೇರಿಲ್ಲ.

ಚಿಟ್ಟೆ, ಗಿಡ, ಓತಿಕ್ಯಾತಗಳಿಗೆ ಐನ್ಯಾಚುರಲಿಸ್ಟ್, ಫೋಟೋ ಹಾಕಿ ಜೀವಿಗಳನ್ನು ದಾಖಲಿಸುವ ಆ್ಯಪ್. ಚಿಟ್ಟೆಯಾದರೆ ರೆಕ್ಕೆಯ ಮೇಲ್ಬದಿ, ಕೆಳಬದಿ ಎರಡೂ ಬೇಕು; ಗಿಡವಾದರೆ ಎಲೆಯ ಹಿಂಬದಿ, ಹೂವು, ಕಾಯಿ. ವಾಟ್ಸ್ಆ್ಯಪ್‌ನಲ್ಲಿ ಬಂದ ಫೋಟೋದಲ್ಲಿ ತಾರೀಕು, ಜಾಗದ ಮಾಹಿತಿ ಅಳಿಸಿಹೋಗಿರುತ್ತದೆ, ಆದ್ದರಿಂದ ತೆಗೆದವರೇ ತಮ್ಮ ಫೋನಿನಿಂದ ಹಾಕಬೇಕು. ಕುಂಡದ ಗಿಡಕ್ಕೆ 'ಬೆಳೆಸಿದ್ದು' ಎಂದು ಗುರುತು ಹಾಕಿ. ಗೂಡಿನ ಫೋಟೋಕ್ಕೆ ನಿಖರ ಜಾಗ ಕಾಣದಂತೆ ಮಸುಕಾಗಿಸಿ.

ಈ ಕೆಲಸದಲ್ಲಿ ಅತಿ ಹೆಚ್ಚು ಮಾತುಕತೆ ಬೇಕಾದದ್ದು ಹುಲ್ಲಿಗೆ. ಟಿಟ್ಟಿಭ ಮಾರ್ಚ್‌ನಿಂದ ಆಗಸ್ಟ್‌ವರೆಗೆ ಬರಿನೆಲದಲ್ಲಿ, ಹರಳುಗಳ ನಡುವೆ ಮೊಟ್ಟೆ ಇಡುತ್ತದೆ. ಸಾಮಾನ್ಯವಾಗಿ ನಾಲ್ಕು, ಚೂಪು ತುದಿ ಒಳಮುಖ, ಮಣ್ಣು ಬಣ್ಣದ ಮೇಲೆ ಕಪ್ಪು ಮಚ್ಚೆ. ಒಂದು ಹೆಜ್ಜೆ ದೂರದಿಂದಲೂ ಕಾಣುವುದಿಲ್ಲ. ಮರಿ ಹೊರಬರಲು ಸುಮಾರು ನಾಲ್ಕು ವಾರ. ಅಲ್ಲಿ ಬಾವುಟ ನೆಟ್ಟರೆ ನಾಯಿ, ಕಾಗೆಗಳಿಗೆ ದಾರಿ ತೋರಿಸಿದಂತೆ. ನಾವು ಹತ್ತಿರದ ಲೈಟ್ ಕಂಬದಿಂದ ಹೆಜ್ಜೆ ಎಣಿಸಿ ನಕಾಶೆಯಲ್ಲಿ ಬರೆಯುತ್ತೇವೆ, ಸುತ್ತ ಹತ್ತು ಮೀಟರ್ ಹುಲ್ಲು ಕೊಯ್ಯುವ ಯಂತ್ರ ಬಾರದಂತೆ ಹೇಳಿಡುತ್ತೇವೆ.

ಹುಲ್ಲು ಕೊಯ್ಯದೆ ಬಿಡಿ ಎಂದರೆ ಬರುವ ಮೊದಲ ಮಾತು ಹಾವು. ಆ ಹೆದರಿಕೆ ಸುಳ್ಳಲ್ಲ, ಕೊಳಕುಮಂಡಲ ಈ ನೆಲದ್ದೇ ಹಾವು. ಅದಕ್ಕೇ ನಡೆಯುವ ದಾರಿಯ ಎರಡೂ ಬದಿ ಎರಡು ಮೀಟರ್ ಹುಲ್ಲು ಸಣ್ಣಗೆ ಕತ್ತರಿಸಿ, ಒಳಗಿನದನ್ನು ಮಾತ್ರ ಬಿಡುವುದು. ರಾಟವಾಳ ಹಕ್ಕಿಗಳು ಬೀಜ ತಿಂದು ಮುಗಿಸುವ ಮೊದಲೇ ಕೊಯ್ದರೆ, ಒಣ ಹುಲ್ಲಿಗೆ ಬೆಂಕಿ ಹಚ್ಚಿದರೆ ವರ್ಷದ ಶ್ರಮ ಹೋದಂತೆ. ವನಮಹೋತ್ಸವದ ಗುಂಡಿಗಳನ್ನೂ ಈ ಬಯಲಿನಲ್ಲಿ ತೋಡಬಾರದು ಎಂಬುದು ನಮ್ಮ ಗಟ್ಟಿ ಅಭಿಪ್ರಾಯ: ನೆಲಗುಬ್ಬಿಗೆ ಬೇಕಾದದ್ದು ಬಯಲೇ.

ಚಿಟ್ಟೆಗೆ ಎಕ್ಕ, ಕರಿಬೇವು, ಔಡಲ, ಕಕ್ಕೆ ಸಾಕು. ಕರಿಬೇವಿನ ಎಲೆ ಮೇಲೆ ಹಕ್ಕಿ ಹಿಕ್ಕೆಯಂತೆ ಕಾಣುವುದು ನಿಂಬೆ ಚಿಟ್ಟೆಯ ಎಳೆ ಹುಳು, ಬಲಿತಾಗ ಹಸಿರಾಗುತ್ತದೆ. ಮಾಲಿಗಳಿಗೆ ಇದನ್ನು ತೋರಿಸದಿದ್ದರೆ ಔಷಧಿ ಹೊಡೆದೇ ಹೊಡೆಯುತ್ತಾರೆ. ಬೇಸಿಗೆಯಲ್ಲಿ ಹಕ್ಕಿಗಳ ನೀರಿಗೆ ಎರಡು ಇಂಚು ಆಳದ ಮಣ್ಣಿನ ಅಗಲ ತಟ್ಟೆ, ನಡುವೆ ಕಲ್ಲು. ನೀರು ದಿನಾ ಚೆಲ್ಲಿ ತುಂಬಬೇಕು, ವಾರಕ್ಕೊಮ್ಮೆ ತಟ್ಟೆ ತಿಕ್ಕಬೇಕು.

ಹುಲ್ಲು ಬಿಡಬೇಕಾದ ಜಾಗಗಳ ನಕಾಶೆ ಕಚೇರಿಯ ಕಡತದಲ್ಲಿ ಉಳಿಯಬಾರದು. ಫೆಬ್ರುವರಿ ಮುಗಿಯುವುದರೊಳಗೆ ಕೊಯ್ಯುವ ಯಂತ್ರ ಓಡಿಸುವವರ ಕೈಗೇ ಒಂದು ಪ್ರತಿ ಕೊಟ್ಟು, ಅವರೊಂದಿಗೆ ಒಮ್ಮೆ ಆ ಬಯಲು ಸುತ್ತಿಬರಬೇಕು.